ಬ್ರೊಕೊಲಿ ಮೊಳಕೆ ಕ್ಯಾಪ್ಸೂಲು: ಡಬ್ಬಿಯ ಮೇಲೆ ಬರೆದದ್ದೆಷ್ಟು, ಮೈಗೆ ಸೇರುವುದೆಷ್ಟು?

‘ಡಿಟಾಕ್ಸ್’ ಹೆಸರಲ್ಲಿ ಮಾರಾಟವಾಗುವ ಡಬ್ಬಿಗಳಲ್ಲಿ ಮುಕ್ಕಾಲು ಪಾಲು ಭೇದಿಗೆ ಹಾಕುವ ಸೊಪ್ಪು, ಇಲ್ಲವೇ ಮೂತ್ರ ಹೆಚ್ಚಿಸುವ ಚಹಾ. ಅವುಗಳ ವಿಮರ್ಶೆಗೆ ಕೂರುವುದು ದಂಡ. ಬ್ರೊಕೊಲಿಯಿಂದ ಸಿಗುವ ಸಲ್ಫೊರಾಫೇನ್ ಎಂಬ ವಸ್ತುವಿನ ಮಾತ್ರೆಗಳ ಕಥೆ ಬೇರೆ. ದೇಹದ ಸ್ವಂತ ಶುದ್ಧೀಕರಣ ಕಿಣ್ವಗಳನ್ನು ಒಂದು ಸಸ್ಯಾಂಶ ನಿಜಕ್ಕೂ ಹೆಚ್ಚಿಸುತ್ತದೆ ಎಂಬುದಕ್ಕೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳ ಆಧಾರ ಇರುವ ಕೆಲವೇ ವಸ್ತುಗಳಲ್ಲಿ ಇದೂ ಒಂದು. ತೊಂದರೆ ಇರುವುದು ಮಾತ್ರೆಗಳಲ್ಲಿ. ಒಂದೇ ತರಹ ಕಾಣುವ ಎರಡು ಡಬ್ಬಿಗಳ ನಡುವೆ ಏಳೆಂಟು ಪಟ್ಟು ವ್ಯತ್ಯಾಸ ಇರಬಹುದು, ಮತ್ತು ಆ ವ್ಯತ್ಯಾಸ ದಪ್ಪ ಅಕ್ಷರದಲ್ಲಿ ಬರೆದಿರುವುದಿಲ್ಲ.

ಅವಸರದಲ್ಲಿ ಇರುವವರಿಗೆ ತೀರ್ಪು ಮೊದಲೇ: ಮಾತ್ರೆಯನ್ನೇ ಕೊಳ್ಳುವುದಾದರೆ ಗ್ಲೂಕೊರಾಫನಿನ್ ಎಂಬ ಮೂಲವಸ್ತುವಿನ ಜೊತೆಗೆ ಅದನ್ನು ಸಲ್ಫೊರಾಫೇನ್ ಆಗಿಸುವ ಮೈರೊಸಿನೇಸ್ ಕಿಣ್ವವೂ ಇರುವುದನ್ನೇ ಕೊಳ್ಳಿ. ಅಡುಗೆಮನೆಯಲ್ಲಿ ಹತ್ತು ನಿಮಿಷ ಕೊಡಬಲ್ಲಿರಾದರೆ ಬೇಯಿಸಿದ ಬ್ರೊಕೊಲಿ ಮತ್ತು ಅರ್ಧ ಟೀ ಚಮಚ ಹಸಿ ಸಾಸಿವೆ ಪುಡಿ ಬಹಳಷ್ಟು ಮಾತ್ರೆಗಳಿಗಿಂತ ಮೇಲು.

ಬ್ರೊಕೊಲಿಯಲ್ಲಿ ಸಲ್ಫೊರಾಫೇನ್ ಸಿದ್ಧವಾಗಿ ಕೂತಿರುವುದಿಲ್ಲ. ಇರುವುದು ಅದರ ಮೂಲವಸ್ತು ಗ್ಲೂಕೊರಾಫನಿನ್. ಅದೇ ಗಿಡದಲ್ಲಿ, ಆದರೆ ಬೇರೆ ಕೋಶಗಳಲ್ಲಿ, ಮೈರೊಸಿನೇಸ್ ಇರುತ್ತದೆ. ಕಚ್ಚಿದಾಗ, ಹೆಚ್ಚಿದಾಗ, ರುಬ್ಬಿದಾಗ ಎರಡೂ ಸೇರಿ ಸಲ್ಫೊರಾಫೇನ್ ಹುಟ್ಟುತ್ತದೆ. ಎಲೆ, ಅಡಿಕೆ, ಸುಣ್ಣ ಬಾಯಲ್ಲಿ ಕೂಡಿದ ಮೇಲೆಯೇ ಕೆಂಪಾಗುವ ಹಾಗೆ. ಸುಣ್ಣವಿಲ್ಲದೆ ಎಷ್ಟು ಅಡಿಕೆ ಜಗಿದರೂ ನಾಲಿಗೆ ಕೆಂಪಾಗದು. ಮೈರೊಸಿನೇಸ್ ಇಲ್ಲದ ಮಾತ್ರೆಯ ಪಾಡೂ ಹೆಚ್ಚುಕಡಿಮೆ ಅದೇ. ಪೂರ್ತಿ ಅಲ್ಲ, ಯಾಕೆಂದರೆ ಕರುಳಿನ ಬ್ಯಾಕ್ಟೀರಿಯಾಗಳೂ ಈ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತವೆ. ಆದರೆ ಆ ‘ಸ್ವಲ್ಪ’ ಒಬ್ಬರಲ್ಲಿ ಶೇ. 1, ಇನ್ನೊಬ್ಬರಲ್ಲಿ ಶೇ. 40. ನಿಮ್ಮ ಹೊಟ್ಟೆ ಯಾವ ಗುಂಪಿನದು ಎಂದು ಮೂತ್ರ ಪರೀಕ್ಷೆ ಮಾಡಿಸದೆ ತಿಳಿಯದು, ಅಂಥ ಪರೀಕ್ಷೆ ಸಾಮಾನ್ಯ ಲ್ಯಾಬ್‌ಗಳಲ್ಲಿ ನಡೆಯುವಂಥದ್ದಲ್ಲ.

ಹುಟ್ಟಿದ ಸಲ್ಫೊರಾಫೇನ್ ಕೋಶದೊಳಗೆ ಹೋಗಿ ಕೀಪ್1 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೀಪ್1ರ ಕೆಲಸ ಎನ್ಆರ್‌ಎಫ್2 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದು ನಾಶಕ್ಕೆ ಕಳಿಸುತ್ತಿರುವುದು. ಹಿಡಿತ ಸಡಿಲವಾದೊಡನೆ ಎನ್ಆರ್‌ಎಫ್2 ಕೋಶಕೇಂದ್ರ ಸೇರಿ ಗ್ಲುಟಥಯಾನ್ ಟ್ರಾನ್ಸ್‌ಫರೇಸ್, ಕ್ವಿನೋನ್ ರಿಡಕ್ಟೇಸ್ ಮುಂತಾದ ಎರಡನೇ ಹಂತದ ಕಿಣ್ವಗಳ ತಯಾರಿಕೆಯನ್ನು ಏರಿಸುತ್ತದೆ. ಲಿವರ್ ವಿಷವಸ್ತುಗಳನ್ನು ಮೊದಲ ಹಂತದಲ್ಲಿ ಬದಲಾಯಿಸಿದಾಗ ಕೆಲವು ಮೊದಲಿಗಿಂತ ಉಗ್ರವಾಗುತ್ತವೆ. ಅವನ್ನು ನೀರಲ್ಲಿ ಕರಗುವಂತೆ ಮಾಡಿ ಹೊರಗೆ ಕಳಿಸುವುದು ಈ ಎರಡನೇ ಹಂತ. ಸಲ್ಫೊರಾಫೇನ್ ರಕ್ತದಲ್ಲಿ ಕೆಲವೇ ಗಂಟೆ ಇದ್ದು ಒಂದು ದಿನದೊಳಗೆ ಬಹುಪಾಲು ಮೂತ್ರದಲ್ಲಿ ಹೋಗಿಬಿಟ್ಟರೂ, ಹೆಚ್ಚಾದ ಕಿಣ್ವಗಳು ಅದಕ್ಕಿಂತ ಬಹಳ ಹೊತ್ತು ಉಳಿಯುತ್ತವೆ. ಆದ್ದರಿಂದ ದಿನಕ್ಕೆ ಮೂರು ಹೊತ್ತು ನುಂಗಬೇಕು ಎನ್ನುವ ಲೇಬಲ್‌ಗೆ ರಸಾಯನಶಾಸ್ತ್ರದ ಬೆಂಬಲ ಇಲ್ಲ. ಡಬ್ಬಿ ಬೇಗ ಖಾಲಿಯಾಗಲಿ ಎಂಬ ಆಸೆ ಇರಬಹುದು.

ಇದೆಲ್ಲ ಶುರುವಾದದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಪಾಲ್ ತಲಾಲೆ ಮತ್ತು ಯೂಶೆಂಗ್ ಝಾಂಗ್ ಅವರ ತಂಡ 1992ರಲ್ಲಿ ಬ್ರೊಕೊಲಿಯಿಂದ ಸಲ್ಫೊರಾಫೇನ್ ಬೇರ್ಪಡಿಸಿ ಅದು ಈ ಕಿಣ್ವಗಳನ್ನು ಬಲವಾಗಿ ಪ್ರಚೋದಿಸುತ್ತದೆಂದು ತೋರಿಸಿತು. 1997ರಲ್ಲಿ ಜೆಡ್ ಫೇಹಿ ಜೊತೆ ಅದೇ ತಂಡ, ಮೂರು ದಿನದ ಮೊಳಕೆಯಲ್ಲಿ ಬಲಿತ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಹೆಚ್ಚು ಗ್ಲೂಕೊರಾಫನಿನ್ ಇದೆ ಎಂದು ಪ್ರಕಟಿಸಿತು. ಇವತ್ತಿನ ಮಾತ್ರೆಗಳೆಲ್ಲ ಮೊಳಕೆಯದೋ ಬೀಜದ್ದೋ ಸಾರ ಆಗಿರುವುದು ಇದೇ ಕಾರಣಕ್ಕೆ.

ಲೇಬಲ್ ಲೆಕ್ಕ

ಡಬ್ಬಿಯ ಮುಂದೆ ‘500 ಮಿ.ಗ್ರಾಂ ಬ್ರೊಕೊಲಿ’ ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಹಿಂದೆ ತಿರುಗಿಸಿ ‘ಗ್ಲೂಕೊರಾಫನಿನ್’ ಎಷ್ಟು ಮಿಲಿಗ್ರಾಂ ಎಂದು ನೋಡಿ. ಕೆಲವು ಕಂಪನಿಗಳು ಇದನ್ನೇ ‘ಸಲ್ಫೊರಾಫೇನ್ ಗ್ಲೂಕೊಸಿನೊಲೇಟ್’ ಅಥವಾ ಎಸ್‌ಜಿಎಸ್ ಎಂದು ಬರೆಯುತ್ತವೆ. ಅದು ಸಲ್ಫೊರಾಫೇನ್ ಅಲ್ಲ, ಗ್ಲೂಕೊರಾಫನಿನ್‌ಗೆ ಇಟ್ಟ ಇನ್ನೊಂದು ಹೆಸರು. ಈ ಸಂಖ್ಯೆಯೇ ಇಲ್ಲದಿದ್ದರೆ ಡಬ್ಬಿಯನ್ನು ಅಲ್ಲೇ ಇಟ್ಟುಬಿಡಿ.

ಸಂಖ್ಯೆ ಸಿಕ್ಕಿದರೆ ಅದನ್ನು 0.4ರಿಂದ ಗುಣಿಸಿ. ಗ್ಲೂಕೊರಾಫನಿನ್‌ನ ಅಣುತೂಕ ಸುಮಾರು 437, ಸಲ್ಫೊರಾಫೇನ್‌ದು 177. ಹಾಗಾಗಿ 50 ಮಿ.ಗ್ರಾಂ ಪೂರ್ತಿ ಪರಿವರ್ತನೆಯಾದರೂ ಸಿಗುವುದು 20 ಮಿ.ಗ್ರಾಂ. ಪೂರ್ತಿ ಯಾವತ್ತೂ ಆಗುವುದಿಲ್ಲ. ಜೀವಂತ ಮೈರೊಸಿನೇಸ್ ಜೊತೆಗಿದ್ದರೆ ಶೇ. 35–40ರ ಸುತ್ತ, ಅಂದರೆ 7–8 ಮಿ.ಗ್ರಾಂ. ಇಲ್ಲದಿದ್ದರೆ ಸರಾಸರಿ ಶೇ. 10, ಅಂದರೆ 2 ಮಿ.ಗ್ರಾಂ, ಅದೂ ನಿಮ್ಮ ಕರುಳಿನ ದಯೆ. 2011ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗದಲ್ಲಂತೂ ಮೈರೊಸಿನೇಸ್ ಇಲ್ಲದ ಗ್ಲೂಕೊರಾಫನಿನ್ ಪಾನೀಯ ಕುಡಿದವರ ಮೂತ್ರದಲ್ಲಿ ಕೊಟ್ಟದ್ದರ ಶೇ. 5 ಮಾತ್ರ ಕಾಣಿಸಿಕೊಂಡಿತು. ಮೊದಲೇ ಸಲ್ಫೊರಾಫೇನ್ ಆಗಿ ಬದಲಾಯಿಸಿ ಕೊಟ್ಟಾಗ ಶೇ. 70.

ಬೆಲೆ ಹೋಲಿಸುವಾಗಲೂ ಇದೇ ದಾರಿ ಹಿಡಿಯಿರಿ. ಡಬ್ಬಿಯ ಬೆಲೆಯನ್ನು ಒಟ್ಟು ಗ್ಲೂಕೊರಾಫನಿನ್ ಮಿಲಿಗ್ರಾಂನಿಂದ ಭಾಗಿಸಿ. ಮೈರೊಸಿನೇಸ್ ಇಲ್ಲದ್ದಾದರೆ ಬಂದ ದರವನ್ನು ನಾಲ್ಕರಿಂದ ಗುಣಿಸಿ. ಅಗ್ಗ ಎಂದು ಕಂಡದ್ದು ಎಷ್ಟೋ ಸಲ ದುಬಾರಿಯಾಗಿ ಹೊರಬೀಳುತ್ತದೆ.

ಇಷ್ಟು ಮಿಲಿಗ್ರಾಂ ಸಾಕೇ ಎಂಬ ಪ್ರಶ್ನೆಗೆ ಅಳತೆಗೋಲು ಚೀನಾದ ಚಿಡೊಂಗ್‌ನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗ. ಗಾಳಿಯ ಮಾಲಿನ್ಯ ಹೆಚ್ಚಿರುವ ಆ ಪ್ರದೇಶದ 291 ಜನರಲ್ಲಿ ಒಂದು ಗುಂಪಿಗೆ 12 ವಾರ ದಿನವೂ ಅನಾನಸ್, ನಿಂಬೆ ರಸದಲ್ಲಿ ಬೆರೆಸಿದ ಬ್ರೊಕೊಲಿ ಮೊಳಕೆ ಪುಡಿ ಕೊಟ್ಟರು. ಅದರಲ್ಲಿ 600 ಮೈಕ್ರೋಮೋಲ್ ಗ್ಲೂಕೊರಾಫನಿನ್, 40 ಮೈಕ್ರೋಮೋಲ್ ಸಲ್ಫೊರಾಫೇನ್. ಮಲಿನ ಗಾಳಿಯಿಂದ ಮೈಗೆ ಸೇರುವ ವಿಷವಸ್ತುಗಳಲ್ಲಿ ಬೆಂಜೀನ್ ವಿಸರ್ಜನೆ ಶೇ. 61, ಅಕ್ರೋಲೀನ್ ವಿಸರ್ಜನೆ ಶೇ. 23 ಏರಿತು. ಮೊದಲ ದಿನದಿಂದಲೇ ಏರಿ ಕೊನೆಯವರೆಗೂ ನಿಂತಿತು. ಕ್ರೋಟೊನಾಲ್ಡಿಹೈಡ್ ಎಂಬ ಮೂರನೆಯದು ಜಗ್ಗಲಿಲ್ಲ. ಆ 600 ಮೈಕ್ರೋಮೋಲನ್ನು ಮಿಲಿಗ್ರಾಂಗೆ ತಂದರೆ 262. ಅಂದರೆ 50 ಮಿ.ಗ್ರಾಂನ ಕ್ಯಾಪ್ಸೂಲು ದಿನಕ್ಕೆ ಐದಕ್ಕೂ ಹೆಚ್ಚು. ‘ಪ್ರಯೋಗದಲ್ಲಿ ಸಾಬೀತು’ ಎಂದು ಹಾಕಿ ದಿನಕ್ಕೆ 10 ಮಿ.ಗ್ರಾಂ ಕೊಡುವ ಡಬ್ಬಿಯವರು ಈ ಲೆಕ್ಕ ಹೇಳುವುದಿಲ್ಲ.

ಡಬ್ಬಿಗಳು

ಅವ್ಮಕಾಲ್: ಅಮೆರಿಕದ ನ್ಯೂಟ್ರಾಮ್ಯಾಕ್ಸ್ ಕಂಪನಿಯದು. ಗ್ಲೂಕೊರಾಫನಿನ್ ಮತ್ತು ಮೈರೊಸಿನೇಸ್ ಎರಡೂ ಇದೆ. ಹಲವು ಕ್ಲಿನಿಕಲ್ ಪ್ರಯೋಗಗಳಲ್ಲಿ ಬಳಸಿರುವ ಮಾತ್ರೆ ಇದೇ, ಹಾಗಾಗಿ ಲೇಬಲ್‌ನಲ್ಲಿ ಬರೆದದ್ದಕ್ಕೂ ದೇಹದಲ್ಲಿ ಆಗುವುದಕ್ಕೂ ಸಂಬಂಧ ಇದೆ ಎಂದು ನಂಬಲು ಕಾರಣ ಇದೆ. ಮಾತ್ರೆಗಳಲ್ಲಿ ನಮ್ಮ ಮೊದಲ ಆಯ್ಕೆ. ಒಂದೊಂದು ಮಾತ್ರೆಯ ಪ್ರಮಾಣ ಸಣ್ಣದು ಎಂಬುದೊಂದೇ ಕೊರತೆ.

ಜಾರೋ ಫಾರ್ಮುಲಾಸ್‌ನ ಬ್ರೊಕೊಮ್ಯಾಕ್ಸ್‌ನಲ್ಲೂ ಮೈರೊಸಿನೇಸ್ ಇದೆ. ಜಠರದ ಆಮ್ಲದಲ್ಲಿ ಕಿಣ್ವ ಹಾಳಾಗದಿರಲಿ ಎಂದು ತಡವಾಗಿ ಕರಗುವ ಕ್ಯಾಪ್ಸೂಲು. ಇದನ್ನು ಬಿಚ್ಚಿ ಬಿಸಿ ಹಾಲಿಗೋ ಕಾಫಿಗೋ ಹಾಕಿದರೆ ಕೊಟ್ಟ ದುಡ್ಡು ದಂಡ. ಥಾರ್ನ್ ಕಂಪನಿಯ ಕ್ರೂಸೆರಾ ಎಸ್‌ಜಿಎಸ್‌ನಲ್ಲಿ ಕ್ಯಾಪ್ಸೂಲಿಗೆ 50 ಮಿ.ಗ್ರಾಂ ಗ್ಲೂಕೊರಾಫನಿನ್, ಪ್ರಮಾಣ ಚೆನ್ನಾಗಿದೆ. ಆದರೆ ಪರಿವರ್ತನೆ ಕರುಳಿಗೇ ಬಿಟ್ಟದ್ದು. ಇಂಥದ್ದು ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ: ಊಟದ ಜೊತೆ ನುಂಗಿ, ಅದೇ ಊಟದಲ್ಲಿ ಹಸಿ ಸಾಸಿವೆಯದೋ ಹಸಿ ಮೂಲಂಗಿಯದೋ ಏನಾದರೂ ಇರುವಂತೆ ನೋಡಿಕೊಳ್ಳಿ. ಹೊರಗಿನ ಮೈರೊಸಿನೇಸ್ ಅಲ್ಲಿಂದ ಬರುತ್ತದೆ.

ಫ್ರಾನ್ಸಿನ ಪ್ರೋಸ್ಟಫೇನ್ ಮೂರನೇ ಬಗೆ. ಸಲ್ಫೊರಾಫೇನನ್ನೇ ಸ್ಥಿರಗೊಳಿಸಿ ಮಾತ್ರೆಗೆ 10 ಮಿ.ಗ್ರಾಂ ಹಾಕಿದ್ದಾರೆ. ಪರಿವರ್ತನೆಯ ಗೊಡವೆಯೇ ಇಲ್ಲ. ಪ್ರಮಾಣ ನಿಖರವಾಗಿ ಬೇಕು ಎನ್ನುವವರಿಗೆ ಇದಕ್ಕಿಂತ ನೇರವಾದದ್ದಿಲ್ಲ, ಭಾರತಕ್ಕೆ ತರಿಸುವುದು ಮಾತ್ರ ತಲೆನೋವು. ಶುದ್ಧ ಸಲ್ಫೊರಾಫೇನ್ ಎಣ್ಣೆಯಂಥ ವಸ್ತು, ಸಾಮಾನ್ಯ ಉಷ್ಣತೆಯಲ್ಲಿ ತಾನಾಗಿಯೇ ಒಡೆದುಹೋಗುತ್ತದೆ. ಆದ್ದರಿಂದ ಹೇಗೆ ಸ್ಥಿರಗೊಳಿಸಿದ್ದಾರೆ ಎಂದು ಹೇಳದೆ ‘ಸಲ್ಫೊರಾಫೇನ್ ಶೇ. 10’ ಎಂದು ಕೆ.ಜಿ. ಲೆಕ್ಕದಲ್ಲಿ ಮಾರುವ ಬಿಡಿ ಪುಡಿಗಳನ್ನು ನಂಬುವುದು ಕಷ್ಟ.

ಇನ್ನು ಇಪ್ಪತ್ತು ‘ಸೂಪರ್‌ಫುಡ್’ಗಳನ್ನು 500 ಮಿ.ಗ್ರಾಂನಲ್ಲಿ ತುರುಕಿದ ಹಸಿರು ಕ್ಯಾಪ್ಸೂಲುಗಳು. ಪಾಲು ಹಾಕಿದರೆ ಬ್ರೊಕೊಲಿಗೆ ಬರುವುದು ಸರಾಸರಿ 25 ಮಿ.ಗ್ರಾಂ ಒಣಪುಡಿ. ಮುಂದಿನ ಮಾತು ಬೇಡ.

ಆಮದು ಡಬ್ಬಿ ಕೊಳ್ಳುವಾಗ ಆಮದುದಾರರ ಹೆಸರು, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುವ ಚೀಟಿ ಅಂಟಿಸಿದೆಯೇ ನೋಡಿ. ಅದಿಲ್ಲದ್ದು ಯಾರದೋ ಸೂಟ್‌ಕೇಸಿನಲ್ಲಿ ಬಂದದ್ದು. ಬಿಸಿಲಲ್ಲಿ ಎಷ್ಟು ದಿನ ಬೆಂದಿದೆ ಎಂದು ಕೇಳುವಂತಿಲ್ಲ. ಮನೆಗೆ ತಂದ ಮೇಲೆ ತೇವವೇ ದೊಡ್ಡ ಶತ್ರು. ತೇವ ಹೊಕ್ಕರೆ ಡಬ್ಬಿಯೊಳಗೇ ಮೈರೊಸಿನೇಸ್ ಕೆಲಸ ಶುರುಮಾಡಿ, ಹುಟ್ಟಿದ ಸಲ್ಫೊರಾಫೇನ್ ನೀವು ನುಂಗುವ ಮೊದಲೇ ಕೆಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುವ ಚೀಲವನ್ನು ಡಬ್ಬಿಯಿಂದ ತೆಗೆಯಬೇಡಿ, ಒದ್ದೆ ಚಮಚ ಹಾಕಬೇಡಿ.

ಕಿಣ್ವ ಬದುಕಿದೆಯೇ ಎಂದು ತಿಳಿಯಲು ಸುಲಭ ಉಪಾಯ ಇದೆ. ಒಂದು ಕ್ಯಾಪ್ಸೂಲಿನ ಪುಡಿಯನ್ನು ಎರಡು ಚಮಚ ತಣ್ಣೀರಲ್ಲಿ ಕಲಸಿ 10–15 ನಿಮಿಷ ಬಿಟ್ಟು ನಾಲಿಗೆಗೆ ಹಚ್ಚಿ. ಮೂಲಂಗಿಯಂಥ ಖಾರ, ಸಣ್ಣ ಘಾಟು ಬಂದರೆ ಬದುಕಿದೆ. ಒಣಹುಲ್ಲಿನ ರುಚಿ ಮಾತ್ರ ಬಂದರೆ ಕಿಣ್ವ ಸತ್ತಿದೆ, ಇಲ್ಲವೇ ಮೊದಲಿಂದಲೂ ಇರಲಿಲ್ಲ. ಎಷ್ಟಿದೆ ಎಂದು ಈ ಪರೀಕ್ಷೆ ಹೇಳದು, ಇದೆಯೋ ಇಲ್ಲವೋ ಎಂದಷ್ಟೇ.

ಮನೆಯ ಮೊಳಕೆ

ಲೆಕ್ಕ ಹಾಕಿದರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ; ಎಚ್ಚರ ತಪ್ಪಿದರೆ ಅಪಾಯವೂ ಇಲ್ಲೇ ಹೆಚ್ಚು. ಬೀಜದ ಅಂಗಡಿಯಲ್ಲಿ ರೈತರಿಗೆಂದು ಮಾರುವ ಬ್ರೊಕೊಲಿ ಬೀಜ ಬೇಡವೇ ಬೇಡ. ಅದಕ್ಕೆ ಸಾಮಾನ್ಯವಾಗಿ ಥೈರಮ್‌ನಂಥ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಗುಲಾಬಿಯೋ ನೀಲಿಯೋ ಹಸಿರೋ ಬಣ್ಣ ಬಳಿದಿರುತ್ತದೆ. ತೊಳೆದರೆ ಹೋಗುತ್ತದೆಂದು ನಂಬಬೇಡಿ. ‘ಮೊಳಕೆಗಾಗಿ, ಸಂಸ್ಕರಿಸದ ಬೀಜ’ ಎಂದೇ ಬರೆದದ್ದನ್ನು ಕೊಳ್ಳಿ.

ಒಂದು ಲೀಟರಿನ ಗಾಜಿನ ಜಾಡಿಗೆ ಎರಡು ಊಟದ ಚಮಚ, ಸುಮಾರು 20 ಗ್ರಾಂ ಬೀಜ ಸಾಕು. ಎಂಟು ಗಂಟೆ ನೆನೆಸಿ, ನೀರು ಬಸಿದು, ಬಾಯಿಗೆ ತೆಳುಬಟ್ಟೆ ಕಟ್ಟಿ, ಜಾಡಿಯನ್ನು ಓರೆಯಾಗಿ ಬೋರಲು ಇಡಿ. ದಿನಕ್ಕೆ ಮೂರು ಸಲ ಕುಡಿಯುವ ನೀರಲ್ಲೇ ತೊಳೆದು ಬಸಿಯಿರಿ. ಎರಡನೇ ದಿನ ಬೇರಿನ ಸುತ್ತ ಬಿಳಿ ನವಿರು ಕಂಡು ಬೂಷ್ಟು ಎಂದು ಎಸೆಯುವವರೇ ಹೆಚ್ಚು. ಅದು ಬೇರಿನ ರೋಮ, ನೀರು ಹಾಕಿದೊಡನೆ ಬೇರಿಗೆ ಅಂಟಿ ಮಾಯವಾಗುತ್ತದೆ. ಬೂಷ್ಟಾದರೆ ನೀರು ಹಾಕಿದರೂ ಬಲೆಯಂತೆ ಉಳಿಯುತ್ತದೆ, ಮುಗ್ಗಲು ವಾಸನೆ ಬರುತ್ತದೆ. 20–24 ಡಿಗ್ರಿ ಸೆಲ್ಸಿಯಸ್ ಹದವಾದದ್ದು. ಬೆಂಗಳೂರು, ಮಡಿಕೇರಿಯಲ್ಲಿ ವರ್ಷದ ಹೆಚ್ಚಿನ ಕಾಲ ತೊಂದರೆಯಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಎರಡೇ ದಿನಕ್ಕೆ ಲೋಳೆಯಾಗುತ್ತದೆ, ಆಗ ಪ್ರಯತ್ನಿಸದಿರುವುದೇ ಲೇಸು.

ಮೂರರಿಂದ ನಾಲ್ಕು ದಿನಕ್ಕೆ ತೆಗೆಯಿರಿ. ಮೊಳಕೆ ಬೆಳೆದಷ್ಟೂ ಗ್ಲೂಕೊರಾಫನಿನ್ ಹೆಚ್ಚುವುದಿಲ್ಲ; ಬೀಜದಲ್ಲಿದ್ದದ್ದೇ ನೀರು ಕುಡಿದ ಮೈಯಲ್ಲಿ ಹಂಚಿಕೆಯಾಗಿ ಗ್ರಾಂ ಲೆಕ್ಕದಲ್ಲಿ ಇಳಿಯುತ್ತ ಹೋಗುತ್ತದೆ. ಹೆಸರುಕಾಳು, ಮೆಂತ್ಯದ ಮೊಳಕೆಯಲ್ಲಿ ಈ ವಸ್ತು ಇಲ್ಲವೇ ಇಲ್ಲ, ಅವುಗಳ ಗುಣ ಬೇರೆ.

ಹೆಚ್ಚಿನವರು ಬಿಟ್ಟುಬಿಡುವ ಒಂದು ಹಂತ ಇದೆ. ಹಸಿ ಮೊಳಕೆಯಲ್ಲಿ ಎಪಿಥಯೋಸ್ಪೆಸಿಫೈಯರ್ ಎಂಬ ಪ್ರೋಟೀನ್ ಇದ್ದು, ಅದು ಗ್ಲೂಕೊರಾಫನಿನ್‌ನ ದೊಡ್ಡ ಪಾಲನ್ನು ಕೆಲಸಕ್ಕೆ ಬಾರದ ನೈಟ್ರೈಲ್ ಆಗಿಸಿಬಿಡುತ್ತದೆ. ಈ ಪ್ರೋಟೀನಿಗೆ ಬಿಸಿ ತಡೆಯದು. ಮೈರೊಸಿನೇಸ್ ಸ್ವಲ್ಪ ಗಟ್ಟಿ. 60 ಡಿಗ್ರಿಯಲ್ಲಿ 5ರಿಂದ 10 ನಿಮಿಷ ಇಟ್ಟರೆ ಮೊದಲನೆಯದು ಸಾಯುತ್ತದೆ, ಎರಡನೆಯದು ಉಳಿಯುತ್ತದೆ. ಅಡುಗೆ ಥರ್ಮಾಮೀಟರ್ ಬೇಕೇ ಬೇಕು, ಬೆರಳದ್ದಿ ನೋಡಿದರೆ ಆಗದು. ಮೊಳಕೆಯನ್ನು ಇಡಿಯಾಗಿಯೇ ಬಿಸಿನೀರಿಗೆ ಹಾಕಿ, ಆಮೇಲೆ ತಣ್ಣೀರಿನ ಜೊತೆ ರುಬ್ಬಿ, ಹತ್ತು ನಿಮಿಷ ಬಿಟ್ಟು ಕುಡಿಯಿರಿ. ಮೊದಲು ರುಬ್ಬಿ ಆಮೇಲೆ ಬಿಸಿ ಮಾಡಿದರೆ ಆ ಪ್ರೋಟೀನ್ ತನ್ನ ಕೆಲಸ ಮುಗಿಸಿಯೇ ಸಾಯುತ್ತದೆ.

ಈ ಬಿಸಿಯಿಂದ ರೋಗಾಣುಗಳೆಲ್ಲ ಸತ್ತವು ಎಂದುಕೊಳ್ಳಬೇಡಿ. ಮೊಳಕೆ ಬೆಳೆಯುವ ತೇವ, ಉಷ್ಣತೆಯೇ ಸಾಲ್ಮೊನೆಲ್ಲಾ, ಇ-ಕೊಲೈಗಳಿಗೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದ ಇ-ಕೊಲೈ ಬಂದದ್ದು ಮೆಂತ್ಯದ ಮೊಳಕೆಯಿಂದ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮನೆಯ ಮೊಳಕೆಯ ಗೊಡವೆಗೆ ಹೋಗದಿರಲಿ.

ಸಾಸಿವೆಯ ದಾರಿ

ಅಂಥವರಿಗೂ ಸೋಮಾರಿಗಳಿಗೂ ಒಂದೇ ಉತ್ತರ: ಚೆನ್ನಾಗಿ ಬೇಯಿಸಿದ ಬ್ರೊಕೊಲಿ, ಮೇಲೆ ಹಸಿ ಸಾಸಿವೆ ಪುಡಿ. ಬೆಂದ ಬ್ರೊಕೊಲಿಯಲ್ಲಿ ಗ್ಲೂಕೊರಾಫನಿನ್ ಸಾಕಷ್ಟು ಉಳಿದಿರುತ್ತದೆ, ಸತ್ತಿರುವುದು ಕಿಣ್ವ ಮಾತ್ರ. ಆ ಕೊರತೆಯನ್ನು ಸಾಸಿವೆಯ ಮೈರೊಸಿನೇಸ್ ತುಂಬುತ್ತದೆ, ಅದು ಬ್ರೊಕೊಲಿಯದಕ್ಕಿಂತ ಬಿಸಿ ತಾಳುವಂಥದ್ದು ಕೂಡ. 2018ರಲ್ಲಿ ಪ್ರಕಟವಾದ, 12 ಜನರ ಸಣ್ಣ ಪ್ರಯೋಗದಲ್ಲಿ 200 ಗ್ರಾಂ ಬೆಂದ ಬ್ರೊಕೊಲಿಗೆ ಒಂದೇ ಗ್ರಾಂ ಕಂದು ಸಾಸಿವೆ ಪುಡಿ ಉದುರಿಸಿದಾಗ ದೇಹಕ್ಕೆ ಸೇರಿದ ಸಲ್ಫೊರಾಫೇನ್ ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಒಂದು ಗ್ರಾಂ ಅಂದರೆ ಅರ್ಧ ಟೀ ಚಮಚ. ಫ್ರೋಜನ್ ಬ್ರೊಕೊಲಿಗೆ ಇದು ಬೇಕೇ ಬೇಕು. ಹೆಪ್ಪುಗಟ್ಟಿಸುವ ಮೊದಲು ಕುದಿನೀರಲ್ಲಿ ಅದ್ದುವುದರಿಂದ ಅದರ ಕಿಣ್ವ ಕಾರ್ಖಾನೆಯಲ್ಲೇ ಹೋಗಿರುತ್ತದೆ.

ಒಗ್ಗರಣೆಯಲ್ಲಿ ಚಟಪಟ ಎಂದ ಸಾಸಿವೆ ಇಲ್ಲಿ ಉಪಯೋಗಕ್ಕಿಲ್ಲ, ಕಾದ ಎಣ್ಣೆ ಕಿಣ್ವವನ್ನು ಮುಗಿಸಿರುತ್ತದೆ. ಬೇಕಾದದ್ದು ಮಲೆನಾಡು, ಕರಾವಳಿಯವರು ಕಾಯಿತುರಿಯ ಜೊತೆ ಹಸಿಯಾಗಿ ಅರೆಯುವ ಸಾಸಿವೆ. ಬೆಂದ ಬ್ರೊಕೊಲಿ ಉಗುರುಬೆಚ್ಚಗಾದ ಮೇಲೆ ಆ ಅರೆದದ್ದನ್ನೂ ಮೊಸರನ್ನೂ ಬೆರೆಸಿದರೆ ಸಾಸಿವೆ ಎಂಬ ಹೆಸರಿನ ಆ ಪದಾರ್ಥವೇ ಆಯಿತು, ಅನಾನಸ್ ಬದಲು ಬ್ರೊಕೊಲಿ ಅಷ್ಟೆ. ಅಂಗಡಿಯ ಪುಡಿ ಬಳಸುವುದಾದರೆ ಮೇಲೆ ಹೇಳಿದ ತಣ್ಣೀರಿನ ಪರೀಕ್ಷೆ ಮಾಡಿ. ಘಾಟು ಬರಲೆಂದೇ ಇರುವ ಪುಡಿಯಲ್ಲಿ ಘಾಟು ಬಾರದಿದ್ದರೆ ಅದನ್ನು ಬಿಸಿ ಮಾಡಿ ಕಿಣ್ವ ಕೊಂದಿದ್ದಾರೆಂದೇ ಅರ್ಥ.

ಇದೇ ಕಪಾಟಿನಲ್ಲಿ ಪಕ್ಕಕ್ಕಿರುವ ಕರ್ಕ್ಯುಮಿನ್–ಪೈಪರಿನ್ (ಅರಿಶಿನದ ಅಂಶ, ಕರಿಮೆಣಸಿನ ಅಂಶ) ಮಾತ್ರೆಗಳ ಬಗ್ಗೆಯೂ ಒಂದು ಮಾತು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ ಶೇ. 2000 ಏರಿತೆಂದು ತೋರಿಸಿತು. ಇಂದಿಗೂ ಎಲ್ಲ ಡಬ್ಬಿಗಳೂ ಅದನ್ನೇ ಹೇಳಿಕೊಳ್ಳುತ್ತವೆ. ಪೈಪರಿನ್ ಈ ಕೆಲಸ ಮಾಡುವುದು ಬಹುಪಾಲು ಗ್ಲುಕುರೊನೈಡೇಶನ್ ತಡೆಯುವ ಮೂಲಕ. ಅದು ಎರಡನೇ ಹಂತದ ಶುದ್ಧೀಕರಣವೇ! ಶುದ್ಧೀಕರಣ ಕಿಣ್ವಕ್ಕೆ ಬೀಗ ಹಾಕುವ ಮಾತ್ರೆಯನ್ನು ‘ಲಿವರ್ ಡಿಟಾಕ್ಸ್’ ಎಂದು ಮಾರುವುದಕ್ಕೆ ಧೈರ್ಯ ಬೇಕು. ಬೇರೆ ಔಷಧಿ ತೆಗೆದುಕೊಳ್ಳುವವರಿಗೆ ಇದರಿಂದ ಆ ಔಷಧಿಯ ಮಟ್ಟವೂ ಏರಬಹುದು. ಗ್ರೀನ್ ಟೀ ಸಾರದ ಮಾತ್ರೆಗಳಲ್ಲಿ ಇಜಿಸಿಜಿ ಎಂಬ ಅದರ ಮುಖ್ಯ ಅಂಶ ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ನುಗ್ಗೆಸೊಪ್ಪಿನ ಪುಡಿಯಲ್ಲೂ ಗ್ಲೂಕೊರಾಫನಿನ್ ಜಾತಿಯದೇ ಆದ ಗ್ಲೂಕೊಮೊರಿಂಜಿನ್ ಇದೆ. ಬಿಸಿಗಾಳಿಯಲ್ಲಿ ಒಣಗಿಸಿದ ಪುಡಿಯಾದರೆ ಕಿಣ್ವದ ಆಸೆ ಬಿಟ್ಟು ಸೊಪ್ಪಿನ ಪೌಷ್ಟಿಕತೆಗಾಗಿ ತಿನ್ನಿ.

ಸಲ್ಫೊರಾಫೇನ್ ಮಾತ್ರೆಗಳಿಂದ ಸಾಮಾನ್ಯವಾಗಿ ಆಗುವ ತೊಂದರೆ ಎದೆಯುರಿ, ಗ್ಯಾಸ್, ಮೂಲಂಗಿ ತೇಗು. ಖಾಲಿ ಹೊಟ್ಟೆಯಲ್ಲಿ ಹೆಚ್ಚು, ಊಟದ ನಡುವೆ ತೆಗೆದುಕೊಂಡರೆ ಕಡಿಮೆ. ಕೋಸಿನ ಜಾತಿ ಎಂದು ಥೈರಾಯ್ಡ್ ಇರುವವರು ಹೆದರುವುದುಂಟು. ಚಿಡೊಂಗ್‌ನ 12 ವಾರದ ಪ್ರಯೋಗದವರಲ್ಲಿ ಥೈರಾಯ್ಡ್ ಹಾರ್ಮೋನು ಏರುಪೇರಾಗಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಬ್ರೊಕೊಲಿಯನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರ ವಿಟಮಿನ್ ಕೆ ಔಷಧಿಯ ಹಿಡಿತ ಸಡಿಲಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗ ಇವನ್ನು ತಾವಾಗಿಯೇ ಶುರುಮಾಡಬಾರದು. ಎನ್ಆರ್‌ಎಫ್2 ಆರೋಗ್ಯವಂತ ಕೋಶವನ್ನು ಕಾಯುವ ಹಾಗೆಯೇ ಕ್ಯಾನ್ಸರ್ ಕೋಶವನ್ನೂ ಕಾಯಬಲ್ಲದು; ಕೆಲವು ಶ್ವಾಸಕೋಶದ ಗಡ್ಡೆಗಳಲ್ಲಿ ಕೀಪ್1 ಜೀನ್ ಕೆಟ್ಟು ಎನ್ಆರ್‌ಎಫ್2 ಸದಾ ಚಾಲೂ ಆಗಿರುತ್ತದೆ, ಅವು ಕಿಮೋಗೆ ಬಗ್ಗುವುದು ಕಷ್ಟ. ಅಂಥ ರೋಗಿಗೆ ಈ ಡಬ್ಬಿಯನ್ನು ಉಡುಗೊರೆಯಾಗಿ ಒಯ್ಯುವ ಮೊದಲು ಅವರ ಆಂಕಾಲಜಿ ವೈದ್ಯರಿಗೆ ಲೇಬಲ್ ತೋರಿಸಿ.